ಎಣ್ಣೆಯಲ್ಲಿ ಕಂಡದ್ದು

ಮಗುವಿಗೆ ಮೇಲಿನ ಹಲ್ಲು ಮೊದಲು ಬಂದರೆ ಏನಾಗುತ್ತದೆ ಎಂದು ಯಾರಾದರೂ ನನ್ನ ತರಗತಿಯಲ್ಲಿ ಎದ್ದು ನಿಂತು ಕೇಳಿದ್ದರೆ, ಏನೂ ಆಗುವುದಿಲ್ಲ, ಕೂತುಕೋ ಎಂದು ಹೇಳಿ ಪಾಠ ಮುಂದುವರಿಸುತ್ತಿದ್ದೆ. ಚನ್ನರಾಯಪಟ್ಟಣದ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವನು ನಾನು. ಹದಿನೆಂಟು ವರ್ಷದಿಂದ ಇದೇ ಕೆಲಸ. ಗ್ರಹಣದ ದಿನ ಬೇಕಂತಲೇ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಊಟದ ಡಬ್ಬಿ ಬಿಚ್ಚುವವನು. ಬೆಕ್ಕು ಅಡ್ಡ ಬಂತೆಂದು ಬೈಕು ನಿಲ್ಲಿಸಿದ ಸಹೋದ್ಯೋಗಿಯೊಬ್ಬರನ್ನು ವಾರಗಟ್ಟಲೆ ಗೋಳು ಹೊಯ್ದುಕೊಂಡವನು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳುವುದಕ್ಕೆ ನನಗೆ ಮುಖ ಇರುವುದಿಲ್ಲ.

ನನಗೊಬ್ಬಳು ತಂಗಿ. ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಕಟ್ಟಾಯದ ಹತ್ತಿರದ ನಮ್ಮೂರಿನಲ್ಲಿ ಅಪ್ಪ ಅವ್ವ ಇಬ್ಬರೂ ಹೊಲಕ್ಕೆ ಹೋದರೆ, ಶಾಲೆ ಇಲ್ಲದ ಹೊತ್ತಿನಲ್ಲಿ ಅವಳು ನನ್ನ ಸೊಂಟದ ಮೇಲೆ. ಅವಳಿಗೆ ಹಲ್ಲು ಬರುವ ಕಾಲದಲ್ಲಿ ನನ್ನ ಅಂಗಿಯ ಹೆಗಲು ಒಂದು ದಿನವೂ ಒಣಗಿದ್ದಿಲ್ಲ. ಜೊಲ್ಲು ಸುರಿಸಿ ಸುರಿಸಿ ಬಟ್ಟೆ ಒರಟಾಗಿ, ಗೆಳೆಯರು ನನ್ನನ್ನು ದಾದಿ ಎಂದು ಆಡಿಕೊಳ್ಳುತ್ತಿದ್ದರು. ಅವ್ವ ಬಜೆ ಬೇರನ್ನು ತುಂಡು ಮಾಡಿ ದಾರದಲ್ಲಿ ಪೋಣಿಸಿ ಅವಳ ಕೈಗೆ ಕಟ್ಟಿದ್ದಳು, ಕಚ್ಚುತ್ತಿರಲಿ ಎಂದು. ರಾಗಿ ರೊಟ್ಟಿಯ ಗಟ್ಟಿ ಅಂಚನ್ನು ಮುರಿದು ಕೈಗೆ ಕೊಡುತ್ತಿದ್ದಳು. ಅದ್ಯಾವುದಕ್ಕೂ ಸುಮ್ಮನಾಗದಿದ್ದರೆ ನಾನು ನನ್ನ ಬೆರಳನ್ನೇ ಬಾಯಿಗೆ ಇಟ್ಟು ವಸಡು ಉಜ್ಜುತ್ತಿದ್ದೆ. ಒಂದು ದಿನ ಹಾಗೆ ಉಜ್ಜುವಾಗ ಏನೋ ಚುರುಕ್ ಎಂದಿತು. ಅವಳನ್ನು ಎತ್ತಿಕೊಂಡೇ ಹೊಲದವರೆಗೆ ಓಡಿ, ಹಲ್ಲು ಬಂತು ಹಲ್ಲು ಬಂತು ಎಂದು ಕೂಗಿಕೊಂಡೆ. ಅದು ಮೇಲಿನದೋ ಕೆಳಗಿನದೋ ಈಗ ನೆನಪಿಲ್ಲ. ಮೇಲೆ ಕೆಳಗೆ ಎಂಬ ಲೆಕ್ಕ ಇದೆ ಎನ್ನುವುದು ಆಗ ನನಗೆ ಗೊತ್ತೂ ಇರಲಿಲ್ಲ.

ಅಪ್ಪ ತೀರಿಕೊಂಡಾಗ ಅವಳಿಗೆ ನಾಲ್ಕು ವರ್ಷ. ಅಪ್ಪನಿಗೆ ನಲವತ್ಮೂರು. ಬೆಳಿಗ್ಗೆ ನೊಗ ಹೆಗಲ ಮೇಲಿಟ್ಟುಕೊಂಡು ಹೊರಟವನು ಹಿತ್ತಿಲ ಬಾಗಿಲಲ್ಲೇ ಎದೆ ಹಿಡಿದುಕೊಂಡು ಕೂತ. ಅಲ್ಲಿಂದೀಚೆಗೆ ಅವಳಿಗೆ ಅಣ್ಣನೂ ಅಪ್ಪನೂ ನಾನೇ. ಅವಳ ಫೀಸು, ಅವಳ ಕಾಲೇಜು, ಅವಳ ಮದುವೆ ಎಲ್ಲದರಲ್ಲೂ ನಾನೇ ಮುಂದೆ ನಿಂತೆ. ಇದನ್ನು ಹೆಚ್ಚುಗಾರಿಕೆಗೆ ಹೇಳುತ್ತಿಲ್ಲ. ಅಷ್ಟು ನಂಬಿದವಳಿಗೆ ನಾನು ಏನು ಮಾಡಿದೆ ಎಂದು ಹೇಳುವುದಕ್ಕೆ ಇದು ಬೇಕು.

ಮದುವೆಯಾಗಿ ಆರು ವರ್ಷದ ಮೇಲೆ ಅವಳಿಗೆ ಹೆಣ್ಣು ಮಗುವಾಯಿತು. ಐದು ತಿಂಗಳು ನಮ್ಮೂರಿನಲ್ಲಿ ಬಾಣಂತನ ಮುಗಿಸಿಕೊಂಡು ಹೊಳೆನರಸೀಪುರದ ಬಾಡಿಗೆ ಮನೆಗೆ ಹೊರಟಳು. ಗಂಡ ಬಸ್ಸಿನ ಡ್ರೈವರು. ಒಂದು ದಿನ ಮನೆ, ಎರಡು ದಿನ ರಸ್ತೆ. ಅತ್ತೆ ಇರುವುದು ಅರಕಲಗೂಡು ಕಡೆಯ ಊರಿನಲ್ಲಿ, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ದೊಡ್ಡ ಸೊಸೆಯ ಆರೈಕೆಯಲ್ಲಿ. ಅಂದರೆ ಮಗುವಿಗೆ ಅವಳು, ಅವಳಿಗೆ ಮಗು. ಕಾರು ಹತ್ತುವಾಗ ನಾನೇ ಕಿಟಕಿಯ ಹತ್ತಿರ ಬಗ್ಗಿ, ಏನೇ ಇರಲಿ ಒಂದು ಫೋನು ಮಾಡು, ಒಂದು ಗಂಟೆಯ ದಾರಿ, ಬಂದುಬಿಡುತ್ತೇನೆ ಎಂದೆ. ಹೇಳುವುದಕ್ಕೇನು, ಬಾಯಿಗೆ ಬಾಡಿಗೆ ಕೊಡಬೇಕೇ?

ಏಳು ತಿಂಗಳಾಗುತ್ತಿದ್ದಂತೆ ಮಗು ರಚ್ಚೆ ಹಿಡಿಯಲು ಶುರುಮಾಡಿತು. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಗದ್ದದ ಕೆಳಗೆಲ್ಲ ಜೊಲ್ಲಿಗೆ ಕೆಂಪು ಗುಳ್ಳೆ. ತಂಗಿ ದಿನಕ್ಕೆ ಮೂರು ಸಲ ಫೋನು ಮಾಡುವಳು, ನಾನು ಮೂರು ಸಲವೂ ಉಪದೇಶ ಮಾಡುವೆ. ಆಗ ನಾನು ಯಾವ ಡಾಕ್ಟರಿಗೂ ಕಡಿಮೆ ಇರಲಿಲ್ಲ. ಹಳೆಯ ಪಂಚೆ ಹರಿದು, ಬಿಸಿ ನೀರಿನಲ್ಲಿ ಕುದಿಸಿ ಒಣಗಿಸಿಕೋ, ಕಾಯಿಸಿ ಆರಿಸಿದ ನೀರಿನಲ್ಲಿ ಅದ್ದಿ ಹಿಂಡಿ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು ಕಚ್ಚುವುದಕ್ಕೆ ಕೊಡು. ಸ್ಟೀಲ್ ಚಮಚ ತಣ್ಣಗೆ ಮಾಡಿ ಅದರ ಬೆನ್ನನ್ನು ವಸಡಿಗೆ ಒತ್ತಿ ಹಿಡಿ. ಕೈ ತೊಳೆದು ಬೆರಳಿನಿಂದ ಮೆಲ್ಲಗೆ ಉಜ್ಜು. ಜೊಲ್ಲನ್ನು ಒರೆಸಬೇಡ, ಒತ್ತಿ ತೆಗೆ, ಮೇಲೆ ಒಂದು ಹನಿ ಕೊಬ್ಬರಿ ಎಣ್ಣೆ ಸವರು. ಅವಳು ಎಲ್ಲದಕ್ಕೂ ಹ್ಞೂಂ ಅಣ್ಣ, ಹ್ಞೂಂ ಅಣ್ಣ.

ಇನ್ನೊಂದು ಕಡೆಯಿಂದ ಅವ್ವ ತನ್ನ ಮದ್ದುಗಳನ್ನು ಹೇಳುತ್ತಿದ್ದಳು. ಬಜೆ ತೇಯ್ದು ಜೇನುತುಪ್ಪದಲ್ಲಿ ಕಲಸಿ ನೆಕ್ಕಿಸಬೇಕು. ಉತ್ತುತ್ತೆಯನ್ನು ದಾರಕ್ಕೆ ಕಟ್ಟಿ ಚೀಪುವುದಕ್ಕೆ ಕೊಡಬೇಕು. ನಾನು ಒಂದೊಂದನ್ನೇ ತಳ್ಳಿಹಾಕಿದೆ. ವರ್ಷ ತುಂಬದ ಕೂಸಿಗೆ ಜೇನುತುಪ್ಪ ಆಗದು. ಉತ್ತುತ್ತೆಯ ಚೂರು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ದಾರ ಕತ್ತಿಗೆ ಸುತ್ತಿಕೊಳ್ಳುತ್ತದೆ. ರೊಟ್ಟಿ ಅಂಚೂ ಬೇಡ. ನಿಮ್ಮಿಬ್ಬರನ್ನೂ ಅದನ್ನೇ ನೆಕ್ಕಿಸಿ ಸಾಕಿದ್ದು ಎಂದು ಅವ್ವ ಮುನಿಸಿಕೊಂಡಳು. ತಂಗಿ ನನ್ನ ಮಾತನ್ನೇ ಕೇಳಿದಳು. ನಾನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಈಗ ಕೇಳಿದರೂ ಅದನ್ನೇ ಹೇಳುತ್ತೇನೆ. ನಾಚಿಕೆಯ ವಿಷಯ ಬೇರೆ. ಅವ್ವನ ಮದ್ದನ್ನೆಲ್ಲ ಬೇಡವೆಂದವನು, ಅವ್ವನ ಒಂದು ಮಾತನ್ನು ಮಾತ್ರ ಕೇಳಿದೆ.

ತಣ್ಣನೆ ಬಟ್ಟೆ ಹತ್ತು ನಿಮಿಷಕ್ಕೆ ಬೆಚ್ಚಗಾಗುತ್ತದೆ. ಚಮಚ ಇನ್ನೂ ಬೇಗ. ಕೊನೆಗೆ ಆ ಮಗುವಿಗೆ ನಿಜವಾಗಿ ಹಿಡಿಸಿದ್ದು ಒಂದೇ: ಹೆಗಲ ಮೇಲೆ ಹಾಕಿಕೊಂಡು ಅತ್ತಿಂದಿತ್ತ ಓಡಾಡುವುದು. ಕೂತರೆ ಅಳು, ನಿಂತರೆ ಅಳು, ನಡೆಯುತ್ತಲೇ ಇರಬೇಕು. ಎತ್ತಿ ಎತ್ತಿ ತಂಗಿಯ ಮಣಿಕಟ್ಟು ಊದಿಕೊಂಡು, ಪಾತ್ರೆ ಹಿಡಿಯಲಾಗದೆ ಎರಡು ಲೋಟ ಕೈಜಾರಿದ್ದವು. ಒಂದು ದಿನ ಅವಳು ಉಪಾಯ ಕೇಳಲಿಲ್ಲ.

"ಅಣ್ಣ, ಒಂದ್ ಭಾನ್ವಾರ ಬಾರಣ್ಣ," ಎಂದಳು. "ಮೂರ್ ಗಂಟೆ ಹೊತ್ತು ನೀನು ಎತ್ಕೊಂಡ್ರೆ ಸಾಕು. ನಾನು ನಿದ್ದೆ ಮಾಡ್ಬುಡ್ತೀನಿ."

ಬರುವ ಭಾನುವಾರವೇ ಬರುತ್ತೇನೆ ಎಂದೆ. ಆ ಕ್ಷಣಕ್ಕೆ ಅದು ಸುಳ್ಳಾಗಿರಲಿಲ್ಲ.

ಗುರುವಾರ ಕಾಲೇಜಿನಿಂದ ಮನೆಗೆ ಬರುವಷ್ಟರಲ್ಲಿ ಅವಳ ಫೋನು ಬಂತು. ಹಲ್ಲು ಬಂತು ಅಣ್ಣ, ಮೇಲ್ಗಡೆ ಅಕ್ಕಿ ಕಾಳಿನಷ್ಟು ಬೆಳ್ಳಗೆ ಕಾಣ್ತಿದೆ ಎಂದು ದನಿಯಲ್ಲೇ ಕುಣಿಯುತ್ತಿದ್ದಳು. ಅವ್ವನಿಗೂ ಆಗಲೇ ಹೇಳಿಬಿಟ್ಟಿದ್ದಳು. ನಾನು ಕಾಫಿ ಕುಡಿದು ಮುಗಿಸುವುದರೊಳಗೆ ಅವ್ವನ ಫೋನು.

"ಮೇಲಲ್ಲು ಮೊದ್ಲು ಬಂದದೆ ಕಣ್ಲಾ. ಸ್ವಾದರಮಾವುನ್ಗೆ ಆಗಕ್ಕಿಲ್ಲ. ಎಣ್ಣೇಲಿ ನೋಡೋಗಂಟ ನೀನು ಆ ಕಡೀಕೆ ಓಗ್ಬ್ಯಾಡ."

ಗೊತ್ತಿಲ್ಲದವರಿಗೆ ಹೇಳಬೇಕು. ಮಗುವಿಗೆ ಮೇಲಿನ ಹಲ್ಲು ಮೊದಲು ಮೂಡಿದರೆ ಅದು ತಾಯಿಯ ಅಣ್ಣತಮ್ಮಂದಿರಿಗೆ ಕೇಡು ಎಂದು ನಮ್ಮ ಕಡೆ ಒಂದು ನಂಬಿಕೆ. ಸೋದರಮಾವನಾದವನು ಆ ಹಲ್ಲನ್ನು ನೇರವಾಗಿ ನೋಡಕೂಡದು. ಬಟ್ಟಲಲ್ಲಿ ಎಣ್ಣೆ ಹಾಕಿ, ಮೊದಲು ಅದರಲ್ಲಿ ಮಗುವಿನ ನೆರಳು ನೋಡಿ ಆಮೇಲೆ ಮುಖ ನೋಡಬೇಕು. ಅದಕ್ಕೂ ಒಳ್ಳೆಯ ದಿನ ಆಗಬೇಕು. ಆಗ ಆಷಾಢ ಶುರುವಾಗಿತ್ತು. ಶ್ರಾವಣ ಬರುವ ತನಕ ಅವ್ವ ಎಣ್ಣೆ ಬಟ್ಟಲನ್ನು ಮುಟ್ಟುವವಳಲ್ಲ.

ನಾನು ನಕ್ಕೆ. ಅವ್ವ ನಗಲಿಲ್ಲ. "ನಿಮ್ಮಪ್ಪುನ್ಗೂ ನಲವತ್ಮೂರೇ ಆಗಿತ್ತು," ಎಂದು ಫೋನು ಇಟ್ಟಳು.

ಆ ವರ್ಷ ನನಗೆ ನಲವತ್ಮೂರು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಆದರೆ ಹುಟ್ಟಿದ ದಿನ ಕಳೆದಾಗಿನಿಂದ ಅದು ನನ್ನ ತಲೆಯೊಳಗೆ ಕೂತಿತ್ತು. ಬಿಪಿ ಮಾತ್ರೆ ಶುರುವಾಗಿತ್ತು. ಮೆಟ್ಟಿಲು ಹತ್ತಿದರೆ ಎದೆಯ ಮೇಲೆ ಕೈ ಹೋಗುತ್ತಿತ್ತು. ಅವ್ವನ ಭಯಕ್ಕೆ ಒಂದು ಅರ್ಥವಿದೆ, ಹಿತ್ತಿಲ ಬಾಗಿಲಲ್ಲಿ ಗಂಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತವಳು ಅವಳು. ನನಗೇನು ಬಂದಿತ್ತು? ಹೃದಯದ ನಾಲ್ಕು ಕೋಣೆಗಳನ್ನು ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸುವವನು, ಒಂದು ಕೂಸಿನ ಅಕ್ಕಿ ಕಾಳಿನಷ್ಟು ಹಲ್ಲಿಗೆ ಹೆದರಿದೆ. ಹೆದರಿದೆ ಎಂದು ಇಷ್ಟು ನೇರವಾಗಿ ಬರೆಯಲು ನನಗೆ ಎರಡು ವರ್ಷ ಹಿಡಿಯಿತು. ಆಗ ನಾನು ಅದನ್ನು ಅವ್ವನ ಮನಸ್ಸು ನೋಯಿಸಬಾರದು ಎಂದು ಕರೆದುಕೊಂಡೆ.

ಭಾನುವಾರ ಕಾಲೇಜಿನಲ್ಲಿ ಅಡ್ಮಿಷನ್ ಕೆಲಸ ಇದೆ ಎಂದು ಫೋನು ಮಾಡಿದೆ. ಆಯ್ತಣ್ಣ ಎಂದಳು. ಅಂದು ನಾನು ಇಡೀ ದಿನ ಮನೆಯಲ್ಲಿ ಪೇಪರ್ ಓದುತ್ತಾ ಕೂತಿದ್ದೆ. ಹೆಂಡತಿ ಎರಡು ಸಲ ಬಂದು ನೋಡಿ ಹೋದಳು.

ಮುಂದಿನ ಭಾನುವಾರ ತಡೆಯಲಾಗಲಿಲ್ಲ, ಹೊರಟೆ. ಹೊರಟಿದ್ದೇನೋ ನಿಜ, ಆದರೆ ಹೇಗೆ ಹೊರಟೆ ಕೇಳಿ. ನನ್ನದೇ ಹಳೆಯ ಪಂಚೆಯನ್ನು ಹರಿದು ಕುದಿಸಿ ಒಣಗಿಸಿ ಇಸ್ತ್ರಿ ಮಾಡಿ ಹನ್ನೆರಡು ತುಂಡು ಮಡಿಸಿಟ್ಟುಕೊಂಡೆ. ಅವ್ವ ಕಳಿಸಿದ್ದ ರಾಗಿ ಸರಿ ಹಿಟ್ಟು, ಮೆಡಿಕಲ್ ಸ್ಟೋರಿನಿಂದ ಕಚ್ಚುವ ರಬ್ಬರು ಬಳೆ, ತಂಗಿಯ ಮಣಿಕಟ್ಟಿಗೆ ಸುತ್ತಿಕೊಳ್ಳುವ ಪಟ್ಟಿ ಎಲ್ಲ ಒಂದು ಚೀಲಕ್ಕೆ ತುಂಬಿದೆ. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಒಂದು ಸುಳ್ಳನ್ನು ಬಾಯಿಪಾಠ ಮಾಡಿದೆ: ಹಾಸನಕ್ಕೆ ಹೋಗುವುದಿದೆ, ಬಸ್ಸು ನಿಂತಿದೆ, ಚೀಲ ಕೊಟ್ಟು ಹೋಗೋಣ ಎಂದು ಬಂದೆ. ಮೆಟ್ಟಿಲು ಹತ್ತಬಾರದು, ಕೆಳಗಿನಿಂದಲೇ ಕೂಗಬೇಕು, ಚೀಲವನ್ನು ಗೇಟಿಗೆ ಸಿಕ್ಕಿಸಬೇಕು. ಮಗುವಿನ ಅಳುವನ್ನು ಕಡಿಮೆ ಮಾಡುವ ಸಾಮಾನೆಲ್ಲ ಚೀಲದಲ್ಲಿತ್ತು. ಅವಳು ಕೇಳಿದ್ದ ಒಂದೇ ಒಂದು ವಸ್ತು, ಮೂರು ಗಂಟೆ ಹೊತ್ತಿನ ನನ್ನ ಹೆಗಲು, ಅದೊಂದನ್ನು ಮಾತ್ರ ನಾನು ತಂದಿರಲಿಲ್ಲ.

ಅವರ ಮನೆ ಮಹಡಿಯ ಮೇಲೆ. ಬೀದಿಯ ತಿರುವಿನಲ್ಲೇ ಮಗುವಿನ ಅಳು ಕೇಳಿಸುತ್ತಿತ್ತು. ಗೇಟಿನ ಹತ್ತಿರ ನಿಂತು ಕೂಗಿದೆ. ನಾನು ಬರುತ್ತೇನೆಂದು ಹೇಳಿರಲಿಲ್ಲವಲ್ಲ, ಅವಳು ದನಿ ಗುರುತು ಹಿಡಿದು, ಅಣ್ಣ ಅಣ್ಣ ಎನ್ನುತ್ತಾ ಮಗುವನ್ನು ಹೆಗಲಿಗೆ ಹಾಕಿಕೊಂಡು ದಡದಡನೆ ಇಳಿದು ಬಂದಳು. ತಲೆ ಬಾಚಿರಲಿಲ್ಲ. ನೈಟಿಯ ಮೇಲೆ ಟವೆಲ್ಲು. ಕಣ್ಣ ಸುತ್ತ ಕಪ್ಪು. ಮುಖ ಮಾತ್ರ ಅರಳಿತ್ತು, ಊಟಕ್ಕೆ ಏನು ಮಾಡಲಿ ಎಂದು ಆಗಲೇ ಕೇಳುತ್ತಿದ್ದಳು. ಕೊನೆಯ ಮೆಟ್ಟಿಲಲ್ಲಿ ಮಗುವನ್ನು ನನ್ನ ಕೈಗೆ ಕೊಡುವುದಕ್ಕೆಂದು ನನ್ನ ಕಡೆ ತಿರುಗಿಸಿದಳು. ಮಗು ಅಳುತ್ತಿತ್ತು, ಬಾಯಿ ಪೂರ್ತಿ ತೆರೆದುಕೊಂಡಿತ್ತು.

ನಾನು ಥಟ್ಟನೆ ಮುಖ ತಿರುಗಿಸಿದೆ. ಪಕ್ಕದ ಮನೆಯವರು ತಂತಿಯ ಮೇಲೆ ಒಣಹಾಕಿದ್ದ ಬೆಡ್‌ಶೀಟನ್ನು ನೋಡತೊಡಗಿದೆ. ನೀಲಿ ಹೂವಿನದು. ಅದರಲ್ಲಿ ಎಷ್ಟು ಹೂವಿದ್ದವು ಎಂದು ಕೇಳಿದರೂ ಹೇಳಬಲ್ಲೆ, ಅಷ್ಟು ಹೊತ್ತು ನೋಡಿದೆ.

ಮಗುವಿನ ಅಳು ಇದ್ದಕ್ಕಿದ್ದಂತೆ ಕುಗ್ಗಿತು. ಏನಾಯಿತೆಂದು ಓರೆಗಣ್ಣಿನಲ್ಲಿ ನೋಡಿದರೆ, ತಂಗಿ ಮಗುವಿನ ಬಾಯಿಯ ಮೇಲೆ ತನ್ನ ಅಂಗೈ ಇಟ್ಟಿದ್ದಳು. ಒತ್ತಿರಲಿಲ್ಲ, ಮೂಗಿಗೆ ತಾಗದ ಹಾಗೆ ಹಗುರವಾಗಿ ಮುಚ್ಚಿದ್ದಳು. ಊದಿಕೊಂಡ ಅದೇ ಕೈ. ಅಳು ಅದರ ಹಿಂದಿನಿಂದ ಬರುತ್ತಿತ್ತು. ಅವ್ವ ಅವಳಿಗೂ ಹೇಳಿದ್ದಾಳೆ, ನಾನು ಅಡ್ಮಿಷನ್ ಎಂದದ್ದು ಯಾಕೆಂದು ಅವಳಿಗೆ ಮೊದಲೇ ಗೊತ್ತಿತ್ತು ಎಂದು ಆಗ ಹೊಳೆಯಿತು. ಗೊತ್ತಿದ್ದೂ, ನಾನು ಗೇಟಿನಲ್ಲಿ ಕೂಗಿದಾಗ, ಅಣ್ಣ ಅದನ್ನೆಲ್ಲ ಲೆಕ್ಕಿಸದೆ ಬಂದ ಎಂದುಕೊಂಡೇ ಅವಳು ಹಾಗೆ ಓಡಿ ಇಳಿದು ಬಂದದ್ದು.

"ನೋಡ್ಬ್ಯಾಡ ಕಣಣ್ಣ," ಎಂದಳು. "ಚೀಲ ಅಲ್ಲಿಟ್ಟು ಹೋಗು. ಬಸ್ ಹೊರಟೋಗ್ತದೆ."

ಬಸ್ಸಿನ ಸುಳ್ಳನ್ನು ನಾನಿನ್ನೂ ಹೇಳಿಯೇ ಇರಲಿಲ್ಲ. ನನಗೆ ಕಷ್ಟವಾಗಬಾರದೆಂದು ಅದನ್ನೂ ಅವಳೇ ಹೇಳಿಕೊಟ್ಟಳು. ನಾನು ಹ್ಞೂಂ ಎಂದೆ. ಚೀಲ ಇಟ್ಟೆ. ಕೈ ತೆಗಿ ಎಂದು ಹೇಳುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಮಗುವನ್ನು ಕಿತ್ತುಕೊಂಡು ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತುವುದಕ್ಕೆ? ಬಸ್ ಸ್ಟ್ಯಾಂಡಿನವರೆಗೆ ಬಿರಬಿರನೆ ನಡೆದೆ. ಸೀಟು ಸಿಕ್ಕಿತು. ಬಸ್ಸು ಊರು ದಾಟುವಾಗ ನನಗೆ ಮೊದಲು ಆದದ್ದು ನಾಚಿಕೆ ಎಂದು ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ. ಮೊದಲು ಆದದ್ದು ಸಮಾಧಾನ. ಸದ್ಯ, ಹಲ್ಲು ಕಾಣಲಿಲ್ಲ ಎಂದುಕೊಂಡೆ. ನಾಚಿಕೆ ಬಂದದ್ದು ಸುಮಾರು ಅರ್ಧ ದಾರಿ ಕಳೆದ ಮೇಲೆ, ಬಂದದ್ದು ಇನ್ನೂ ಹೋಗಿಲ್ಲ.

ಅವಳು ಮುನಿಸಿಕೊಂಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳು ಎಂದಿನಂತೆ ದಿನವೂ ಫೋನು ಮಾಡಿದಳು, ಮಗು ಮಾವನನ್ನು ನೋಡಲಿ ಎಂದು ವಿಡಿಯೊ ಕಾಲು. ಮಗುವಿನ ಮುಖ ಫೋನಿನಲ್ಲಿ ಬರುವ ಮೊದಲೇ ಅವಳ ಅಂಗೈ ಅದರ ಬಾಯಿಯ ಮೇಲೆ ಇರುತ್ತಿತ್ತು. ಅಂಗೈಯ ಮೇಲೆ ಎರಡು ಕಣ್ಣು ಮಾತ್ರ, ನೀರು ತುಂಬಿಕೊಂಡು ನನ್ನನ್ನು ನೋಡುವವು. ಮಾವ ನೋಡು, ಮಾವ ನೋಡು ಎನ್ನುವಳು. ನಾನು ಈ ಕಡೆಯಿಂದ ಚಿಟಿಕೆ ಹಾಕಿ, ನಾಲಿಗೆ ಹೊರಳಿಸಿ ಆಡಿಸುವೆ. ಬಟ್ಟೆ ತಣ್ಣಗೆ ಮಾಡಿದೆಯಾ, ಚಮಚ ಕೊಟ್ಟೆಯಾ ಎಂದು ಕೇಳುವೆ. ಹ್ಞೂಂ ಅಣ್ಣ ಎನ್ನುವಳು. ಐದು ವಾರ ಹೀಗೇ ನಡೆಯಿತು. ಒಂದು ದಿನವೂ ನಾನು ಆ ಕೈ ತೆಗೆಯಲು ಹೇಳಲಿಲ್ಲ.

ನಡುವೆ ಒಂದು ಭಾನುವಾರ ನನ್ನ ಹೆಂಡತಿ ಬೆಳಿಗ್ಗೆ ಬೇಗ ಎದ್ದು, ನನ್ನನ್ನು ಒಂದು ಮಾತೂ ಕೇಳದೆ, ಒಬ್ಬಳೇ ಹೊಳೆನರಸೀಪುರಕ್ಕೆ ಹೋಗಿಬಂದಳು. ಸಂಜೆ ಬಾಗಿಲು ತೆಗೆದಾಗ ಅವಳ ಸೀರೆಯ ಹೆಗಲ ಮೇಲೆ ಅಂಗೈಯಗಲ ಜೊಲ್ಲಿನ ಕಲೆ ಒಣಗಿ ಬೆಳ್ಳಗಾಗಿತ್ತು. ನಾನು ಅದನ್ನೇ ನೋಡುತ್ತಿದ್ದೆ. ನಿಮ್ಮ ತಂಗಿ ಹನ್ನೊಂದಕ್ಕೆ ಮಲಗಿದವಳು ಮೂರಕ್ಕೆ ಎದ್ದಳು ಎಂದಳು. ಕೆಳಗಿನ ಹಲ್ಲೂ ಬರುತ್ತಿವೆ ಎಂದಳು. ಸೀರೆ ಬದಲಿಸಲು ಒಳಗೆ ಹೋದಳು. ಹನ್ನೊಂದು ವರ್ಷದವನಾಗಿದ್ದಾಗ ನನ್ನ ಕೈಲಿ ಆಗಿದ್ದದ್ದು, ನಲವತ್ಮೂರಕ್ಕೆ ಆಗದೇ ಹೋಯಿತು.

ಶ್ರಾವಣ ಬಂತು. ಒಂದು ಸೋಮವಾರ ರಜೆ ಹಾಕಿ ಹೆಂಡತಿಯ ಜೊತೆ ಊರಿಗೆ ಹೋದೆ. ತಂಗಿ ಹಿಂದಿನ ದಿನವೇ ಬಂದಿದ್ದಳು. ಅವ್ವ ನಡುಮನೆ ಸಾರಿಸಿ ರಂಗೋಲಿ ಬಿಟ್ಟು ಮಣೆ ಹಾಕಿದ್ದಳು. ನನ್ನನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿ, ಕಂಚಿನ ಬಟ್ಟಲು ತುಂಬ ಹರಳೆಣ್ಣೆ ತಂದು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಕೂತಳು. ಬಟ್ಟಲಲ್ಲಿ ಎಣ್ಣೆ ಅಲುಗುತ್ತಿತ್ತು. ಇಪ್ಪತ್ತೆಂಟು ವರ್ಷದ ಕೆಳಗೆ ಯಾರಾದರೂ ಹೀಗೊಂದು ಬಟ್ಟಲು ಹಿಡಿದಿದ್ದರೆ ಅಪ್ಪ ಉಳಿಯುತ್ತಿದ್ದನೇನೋ ಎಂದು ಅವಳು ಯೋಚಿಸುತ್ತಿದ್ದಳೋ ಏನೋ, ನಾನು ಕೇಳಲಿಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳು ನಂಬಿದಳು, ನಂಬಿದಂತೆ ನಡೆದಳು. ನಂಬಿಕೆ ಇಲ್ಲವೆಂದು ಜಂಬ ಕೊಚ್ಚಿಕೊಂಡು ಭಯವನ್ನು ಮಾತ್ರ ಇಟ್ಟುಕೊಂಡವನು ನಾನು.

ಇಂಥ ಹೊತ್ತಿನಲ್ಲಿ ಎಣ್ಣೆಯಲ್ಲಿ ಮೊದಲು ಕಾಣುವುದು ನಮ್ಮದೇ ಮುಖ. ನನ್ನ ಕೆನ್ನೆ, ಕಿವಿಯ ಪಕ್ಕದ ನರೆ, ದಪ್ಪಗಾಗುತ್ತಿರುವ ಗದ್ದ ಎಲ್ಲ ಹಳದಿ ಎಣ್ಣೆಯಲ್ಲಿ ತೇಲಿತು. ಆಮೇಲೆ ತಂಗಿ ನನ್ನ ಬೆನ್ನ ಹಿಂದೆ ಬಂದು ನಿಂತು ಮಗುವನ್ನು ನನ್ನ ಹೆಗಲಿನ ಮಟ್ಟಕ್ಕೆ ಬಗ್ಗಿಸಿ ಹಿಡಿದಳು. ಮಗು ಅಳುತ್ತಿರಲಿಲ್ಲ. ಅದರ ಹಾಲಿನ ವಾಸನೆಯ ಉಸಿರು ನನ್ನ ಕಿವಿಗೆ ತಾಗಿತು. ಎಣ್ಣೆ ನಿಂತ ಮೇಲೆ ನನ್ನ ಮುಖದ ಪಕ್ಕ ಅದರ ಮುಖ ಮೂಡಿತು. ಎರಡು ಕಣ್ಣು ನನ್ನನ್ನೇ ನೋಡುತ್ತಿದ್ದವು. ಕಣ್ಣಿನ ಕೆಳಗೆ ಒಂದು ಅಂಗೈ.

ತಂಗಿಯದಲ್ಲ. ತಂಗಿಯ ಎರಡೂ ಕೈ ಮಗುವಿನ ಕಂಕುಳಲ್ಲಿದ್ದವು. ಆ ಕೈ ಮಗುವಿನದೇ. ನನ್ನ ಮುಖ ಕಂಡ ಕೂಡಲೇ ತನ್ನ ಪುಟ್ಟ ಅಂಗೈಯನ್ನು ತಾನೇ ಬಾಯಿಯ ಮೇಲೆ ಇಟ್ಟುಕೊಂಡಿತ್ತು.

ಅವ್ವ ಹಲ್ಲು ಕಾಣಿಸ್ತಾ ಎಂದು ಕೇಳಿದಳು. ಕಾಣಿಸುತ್ತಿಲ್ಲ ಎಂದೆ. ಅವಳು ಬಗ್ಗಿ ನೋಡಿ, ಅಯ್ಯೋ ಇದ್ರ ಆಟವ ನೋಡು ಎಂದು ನಕ್ಕಳು. ನನ್ನ ಹೆಂಡತಿ ಕೈ ಬಿಡಿಸಲು ಹೋದರೆ ಮಗು ಇನ್ನೂ ಗಟ್ಟಿಯಾಗಿ ಒತ್ತಿಕೊಂಡಿತು. ಐದು ವಾರ ದಿನಕ್ಕೆ ಒಂದು ಸಲ ಕಲಿತ ಪಾಠ, ನನ್ನ ಯಾವ ವಿದ್ಯಾರ್ಥಿಯೂ ಅಷ್ಟು ಚೆನ್ನಾಗಿ ಕಲಿತಿಲ್ಲ. ಬಾಗಿಲ ಹತ್ತಿರ ನಿಂತಿದ್ದ ನೆರೆಯವರೂ ನಕ್ಕರು. ನಗದೇ ಇದ್ದದ್ದು ನಾನೂ ನನ್ನ ತಂಗಿಯೂ.

ಅವಳು ನನ್ನ ಬೆನ್ನ ಹಿಂದಿನಿಂದಲೇ ಮಗುವಿನ ಕಿವಿಯ ಹತ್ತಿರ ಬಗ್ಗಿದಳು. ಎಣ್ಣೆಯಲ್ಲಿ ಈಗ ಮೂರು ಮುಖ.

"ತಗಿಯವ್ವ ಕೈಯ," ಎಂದಳು ಮೆಲ್ಲಗೆ. "ಮಾವುನ್ಗೆ ಇನ್ನೇನೂ ಆಗಕ್ಕಿಲ್ಲ."

ಮಗು ಕೈ ತೆಗೆಯಿತು. ಮೇಲೆ ಎರಡು, ಕೆಳಗೆ ಎರಡು, ನಾಲ್ಕು ಹಲ್ಲು ಇದ್ದವು.